ಪಗ್: ಹಳೆಯ ಗುಣ, ಈಚಿನ ಮುಖ

ಲಂಡನ್ನಿನ ಟೇಟ್ ಬ್ರಿಟನ್ ಕಲಾಸಂಗ್ರಹಾಲಯದಲ್ಲಿ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ಬರೆದ ಆತ್ಮಚಿತ್ರವೊಂದಿದೆ. ಅದರಲ್ಲಿ ಕಲಾವಿದನ ಮುಖ ಅಂಡಾಕಾರದ ಒಂದು ಕ್ಯಾನ್ವಾಸಿನ ಮೇಲೆ, ಚಿತ್ರದೊಳಗಿನ ಚಿತ್ರವಾಗಿ ಕಾಣುತ್ತದೆ. ಆ ಕ್ಯಾನ್ವಾಸಿಗೆ ಷೇಕ್ಸ್‌ಪಿಯರ್, ಮಿಲ್ಟನ್ ಮತ್ತು ಸ್ವಿಫ್ಟರ ಗ್ರಂಥಗಳೇ ಪೀಠ. ಇವೆಲ್ಲದರ ಮುಂದೆ, ಯಜಮಾನನ ಕೀರ್ತಿಗೂ ತನಗೂ ಸಂಬಂಧವಿಲ್ಲವೆಂಬ ಗಾಂಭೀರ್ಯದಿಂದ, ಟ್ರಂಪ್ ಎಂಬ ಹೆಸರಿನ ಅವನ ಪಗ್ ನಾಯಿ ಕುಳಿತಿದೆ. ಇಂದು ಪಗ್ ಸಾಕಿರುವವರಿಗೆ ಈ ಚಿತ್ರವನ್ನು ತೋರಿಸಿದರೆ ಅವರು ಮೊದಲು ಕೇಳುವುದು ಇದು ಯಾವ ತಳಿ ಎಂದೇ. ಏಕೆಂದರೆ ಟ್ರಂಪನಿಗೆ ಮೂತಿ ಇದೆ. ಕಣ್ಣುಗಳ ಕೆಳಗಿನಿಂದ ಸ್ಪಷ್ಟವಾಗಿ ಮುಂದಕ್ಕೆ ಚಾಚಿದ, ನಾಯಿಯದೇ ಎನ್ನಬಹುದಾದ ಮೂತಿ. ಕಾಲುಗಳೂ ಇಂದಿನ ಪಗ್‌ಗಳ ಕಾಲಿಗಿಂತ ಉದ್ದವಾಗಿವೆ.

ಈ ತಳಿಯ ಬಗ್ಗೆ ಓದುತ್ತ ಹೋದಂತೆ ನನಗೆ ಮನವರಿಕೆಯಾದ ಸಂಗತಿ ಒಂದೇ. ನಾವು ಪಗ್ ಎಂದು ಮೆಚ್ಚುವ ನಾಯಿಯಲ್ಲಿ ಎರಡು ಬೇರೆ ಬೇರೆ ಕಾಲದ ವಸ್ತುಗಳಿವೆ. ಅದರ ಸ್ವಭಾವ, ಅಂದರೆ ಮನುಷ್ಯನ ಹಿಂದೆಯೇ ಸುತ್ತುವ, ಅವನ ಮಡಿಲನ್ನೇ ಉದ್ಯೋಗವೆಂದು ತಿಳಿದಿರುವ ಗುಣ, ನೂರಾರು ವರ್ಷಗಳಷ್ಟು ಹಳೆಯದು. ಅದರ ಚಪ್ಪಟೆ ಮುಖವಾದರೋ ಈಗಿನ ಮಟ್ಟಕ್ಕೆ ಬಂದದ್ದು ಕಳೆದ ಸುಮಾರು ನೂರೈವತ್ತು ವರ್ಷಗಳಲ್ಲಿ, ನಾಯಿ ಪ್ರದರ್ಶನಗಳ ತೀರ್ಪುಗಾರರ ಮತ್ತು ಕೊಳ್ಳುವವರ ಅಭಿರುಚಿಯನ್ನು ಅನುಸರಿಸಿ. ಗುಣವನ್ನು ಉಳಿಸಿಕೊಳ್ಳಲು ಆ ಮುಖ ಬೇಕಾಗಿರಲಿಲ್ಲ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ.

ಪಗ್‌ನ ಮೂಲ ಚೀನಾ. ಅಲ್ಲಿನ ಅರಮನೆಗಳಲ್ಲಿ ಬಹು ಹಿಂದಿನಿಂದಲೂ ಗಿಡ್ಡ ಮೂತಿಯ ಪುಟ್ಟ ನಾಯಿಗಳನ್ನು ಬೆಳೆಸುತ್ತಿದ್ದರು, ಅವುಗಳಲ್ಲಿ ಉದ್ದ ಕೂದಲಿನ ಬಗೆಯಿಂದ ಪೀಕಿಂಗೀಸ್ ಬಂದರೆ ಗಿಡ್ಡ ಕೂದಲಿನ ಬಗೆಯಿಂದ ಪಗ್ ಬಂದಿತು. ಹಾನ್ ವಂಶದ ಚಕ್ರವರ್ತಿ ಲಿಂಗ್, ಕ್ರಿ.ಶ. 168ರಿಂದ 189ರವರೆಗೆ ಆಳಿದವನು, ತನ್ನ ಉದ್ಯಾನದಲ್ಲಿ ನಾಯಿಗಳಿಗೆ ವಿದ್ವಾಂಸ ಅಧಿಕಾರಿಗಳ ಟೋಪಿ ತೊಡಿಸಿ, ಅಧಿಕಾರದ ಪಟ್ಟಿ ಕಟ್ಟಿ ಆಡಿಸುತ್ತಿದ್ದನೆಂದು ಚೀನೀ ಚರಿತ್ರಕಾರರು ಅಸಮಾಧಾನದಿಂದಲೇ ದಾಖಲಿಸಿದ್ದಾರೆ. ಆ ನಾಯಿಗಳು ಪಗ್‌ಗಳೇ ಆಗಿದ್ದವೆಂದು ತಳಿಯ ಅಭಿಮಾನಿಗಳು ಬರೆಯುವುದುಂಟು, ನಾನು ಅಷ್ಟು ದೂರ ಹೋಗಲಾರೆ. ಆದರೆ ಕಾವಲಿಗಾಗಲಿ ಬೇಟೆಗಾಗಲಿ ಅಲ್ಲದೆ ಬರಿಯ ಸಂಗಕ್ಕಾಗಿ ನಾಯಿಯನ್ನು ಸಾಕುವ ಅರಮನೆಯ ಅಭ್ಯಾಸ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ. ಹಣೆಯ ಮೇಲಿನ ಸುಕ್ಕುಗಳನ್ನು ಚೀನಾದಲ್ಲಿ ವಿಶೇಷವಾಗಿ ಗಮನಿಸುತ್ತಿದ್ದರು. ಮೂರು ಅಡ್ಡಗೆರೆಗಳನ್ನು ಒಂದು ಉದ್ದಗೆರೆ ಸೀಳಿದಂತೆ ಸುಕ್ಕು ಮೂಡಿದರೆ ಅದು ರಾಜ ಎಂಬರ್ಥದ ಚೀನೀ ಅಕ್ಷರವಾಗುತ್ತಿತ್ತು, ಅಂಥ ಹಣೆಯ ನಾಯಿಗೆ ಬೆಲೆ ಹೆಚ್ಚು.

ಯೂರೋಪಿನಲ್ಲಿ ಈ ನಾಯಿಯ ಹೆಸರು ನೆದರ್‌ಲ್ಯಾಂಡ್ಸಿನೊಂದಿಗೆ ಬೆಸೆದುಕೊಂಡಿದೆ. 1572ರಲ್ಲಿ, ಸ್ಪೇನಿನ ವಿರುದ್ಧದ ದಂಗೆಯ ನಾಯಕನಾಗಿದ್ದ ಆರೆಂಜಿನ ರಾಜಕುಮಾರ ವಿಲಿಯಂ, ಮಾನ್ಸ್ ನಗರದ ಬಳಿಯ ಹೆರ್ಮಿನಿಯಲ್ಲಿ ಬೀಡುಬಿಟ್ಟಿದ್ದಾಗ ಸ್ಪೇನಿನ ಸೈನಿಕರು ರಾತ್ರಿ ಹೊತ್ತು ದಾಳಿಯಿಟ್ಟರು. ಕಾವಲುಗಾರರು ಎಚ್ಚೆತ್ತುಕೊಳ್ಳುವ ಮೊದಲೇ ರಾಜಕುಮಾರನ ಹಾಸಿಗೆಯ ಬಳಿಯಿದ್ದ ಪುಟ್ಟ ನಾಯಿ ಕಿರುಚಿ, ಪರಚಿ, ಕೊನೆಗೆ ಅವನ ಮುಖದ ಮೇಲೆಯೇ ಹಾರಿ ಎಬ್ಬಿಸಿತು. ಅವನು ಕುದುರೆಯೇರಿ ಪಾರಾದ. ಆಗ ಆ ಯುದ್ಧಗಳಲ್ಲಿ ಸೇವೆಯಲ್ಲಿದ್ದ ಸರ್ ರೋಜರ್ ವಿಲಿಯಮ್ಸ್ ಎಂಬ ಸೈನಿಕ ಬರೆದಿಟ್ಟ, 1618ರಲ್ಲಿ ಪ್ರಕಟವಾದ ವೃತ್ತಾಂತದಲ್ಲಿ ಈ ಕಥೆ ಇದೆ, ರಾಜಕುಮಾರ ತಾನು ಸಾಯುವವರೆಗೂ ಆ ನಾಯಿಯ ವಂಶದ್ದೊಂದನ್ನು ಜೊತೆಗಿಟ್ಟುಕೊಂಡಿದ್ದನೆಂಬ ಮಾತೂ ಇದೆ. ಡೆಲ್ಫ್ಟ್ ನಗರದ ಹೊಸ ಚರ್ಚಿನಲ್ಲಿರುವ ಅವನ ಸಮಾಧಿಯಲ್ಲಿ, ಶಿಲ್ಪಿ ಹೆಂಡ್ರಿಕ್ ಡಿ ಕೈಸರ್ ಕಡೆದ ನಾಯಿಯೊಂದು ಇಂದಿಗೂ ಅವನ ಪಾದದ ಬಳಿ ಮಲಗಿದೆ.

ವಿಲಿಯಮ್ಸ್ ಆ ನಾಯಿಯನ್ನು ಬಿಳಿಯ ಬಣ್ಣದ, ಮೊಂಡು ಮೂಗಿನ ಪುಟ್ಟ ನಾಯಿ ಎಂದು ವರ್ಣಿಸುತ್ತಾನೆ, ಪಾಂಪೆ ಎಂಬ ಹೆಸರಿನೊಂದಿಗೆ ಅದನ್ನು ಪಗ್ ಎಂದೇ ಕರೆಯುವ ಸಂಪ್ರದಾಯ ಬೆಳೆದು ಬಂದಿದೆ. ಇದೇ ಉಸಿರಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪಗ್‌ಗಳನ್ನು ಚೀನಾದಿಂದ ತಂದವೆಂದೂ ಹೇಳುವುದು ವಾಡಿಕೆ. ಎರಡನ್ನೂ ಒಟ್ಟಿಗೆ ನಂಬುವವರು ತಾರೀಖುಗಳನ್ನು ನೋಡಿಕೊಳ್ಳಬೇಕು. ಆ ಕಂಪನಿ ಸ್ಥಾಪನೆಯಾದದ್ದು 1602ರಲ್ಲಿ, ರಾಜಕುಮಾರ ಪ್ರಾಣ ಉಳಿಸಿಕೊಂಡ ಮೂವತ್ತು ವರ್ಷಗಳ ನಂತರ. ಪಾಂಪೆಯ ಪೂರ್ವಜರು ನಿಜಕ್ಕೂ ಚೀನಾದವರಾಗಿದ್ದರೆ ಅವರು ಬಂದದ್ದು 1557ರ ವೇಳೆಗೇ ಮಕಾವಿನಲ್ಲಿ ನೆಲೆಯೂರಿದ್ದ ಪೋರ್ಚುಗೀಸರ ದಾರಿಯಿಂದಲೇ ಇರಬೇಕು. ಏನೇ ಇರಲಿ, ಆರೆಂಜ್ ಮನೆತನಕ್ಕೆ ಈ ನಾಯಿ ಕುಲಲಾಂಛನದಂತಾಯಿತು. ಅದೇ ಮನೆತನದ ಮೂರನೆಯ ವಿಲಿಯಂ ಮತ್ತು ಮೇರಿ 1689ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದಾಗ ಕೊರಳಿಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿದ ಪಗ್‌ಗಳೂ ಅವರ ಪರಿವಾರದಲ್ಲಿದ್ದವೆಂದು ಪ್ರತೀತಿ. ಅಲ್ಲಿಂದ ಮುಂದಿನ ನೂರು ವರ್ಷ ಯೂರೋಪಿನ ಶ್ರೀಮಂತ ಮನೆಗಳೆಲ್ಲ ಪಗ್‌ಮಯ.

ಹದಿನೆಂಟನೆಯ ಶತಮಾನದ ಈ ಮೋಹದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡದ್ದು ಜರ್ಮನಿಯ ಮಾಪ್ಸ್ ಸಂಘ. ಜರ್ಮನ್ ಭಾಷೆಯಲ್ಲಿ ಪಗ್‌ಗೆ ಮಾಪ್ಸ್ ಎನ್ನುತ್ತಾರೆ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಕ್ಯಾಥೊಲಿಕರು ಫ್ರೀಮೇಸನ್ ಎಂಬ ರಹಸ್ಯ ಸಂಘಗಳಿಗೆ ಸೇರಬಾರದೆಂದು ಆಜ್ಞೆ ಹೊರಡಿಸಿದ ಮೇಲೆ, ರಹಸ್ಯ ಸಂಘಗಳ ರುಚಿ ಹತ್ತಿದ್ದ ಕ್ಯಾಥೊಲಿಕ್ ಶ್ರೀಮಂತರು 1740ರ ಸುಮಾರಿಗೆ ಪಗ್‌ನ ಹೆಸರಿನಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಕಲೋನ್‌ನ ಎಲೆಕ್ಟರ್, ಅಂದರೆ ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆ, ಆಗಿದ್ದ ಕ್ಲೆಮೆನ್ಸ್ ಆಗಸ್ಟ್ ಅದರ ಸ್ಥಾಪಕನೆನ್ನುತ್ತಾರೆ. ನಿಷ್ಠೆ ಮತ್ತು ವಿಶ್ವಾಸಗಳ ಗುರುತಾಗಿ ಅವರು ಈ ನಾಯಿಯನ್ನು ಆರಿಸಿಕೊಂಡಿದ್ದರು, ಹೆಂಗಸರಿಗೂ ಪ್ರವೇಶವಿತ್ತು. ಹೊಸದಾಗಿ ಸೇರುವವರು ಕೊರಳಿಗೆ ನಾಯಿಯ ಪಟ್ಟಿ ಕಟ್ಟಿಕೊಂಡು, ಬಾಗಿಲನ್ನು ಉಗುರಿನಿಂದ ಕೆರೆದು ಒಳಗೆ ಬರಬೇಕಿತ್ತು, ಕೊನೆಗೆ ಪಿಂಗಾಣಿಯ ಪಗ್ ಬೊಂಬೆಯ ಬಾಲದ ಕೆಳಗೆ ಮುತ್ತಿಡಬೇಕಿತ್ತು. 1745ರಲ್ಲಿ ಆಂಸ್ಟರ್‌ಡಾಮಿನಲ್ಲಿ ಅಚ್ಚಾದ ಪುಸ್ತಕವೊಂದು ಈ ಗುಟ್ಟನ್ನೆಲ್ಲ ಬಯಲು ಮಾಡಿತು. ದೊಡ್ಡವರ ಮಕ್ಕಳಾಟವೆಂದು ನಗಬಹುದು, ಆದರೆ ಅದರಿಂದ ನಮಗೊಂದು ಉಪಕಾರವಾಗಿದೆ. ಮೈಸೆನ್ ಪಿಂಗಾಣಿ ಕಾರ್ಖಾನೆಯ ಶಿಲ್ಪಿ ಯೊಹಾನ್ ಯೊವಾಖಿಮ್ ಕ್ಯಾಂಡ್ಲರ್ ಆ ದಶಕಗಳಲ್ಲಿ ಪಗ್‌ಗಳ ಬೊಂಬೆಗಳನ್ನು ಮಾಡಿದ. ಅವು ಅಂದಿನ ನಾಯಿಗಳು ಹೇಗಿದ್ದವೆಂಬುದಕ್ಕೆ ಛಾಯಾಚಿತ್ರವಿಲ್ಲದ ಕಾಲದ ದಾಖಲೆಗಳಾಗಿ ಉಳಿದಿವೆ. ಮುಖ ಗಿಡ್ಡ, ಆದರೆ ಮೂತಿ ಇದ್ದೇ ಇದೆ. ಸ್ಪೇನಿನ ಚಿತ್ರಕಾರ ಗೋಯಾ 1786ರ ಸುಮಾರಿಗೆ ಬರೆದ ಪೋಂಟೆಹೋಸ್ ಶ್ರೀಮಂತೆಯ ಚಿತ್ರದಲ್ಲಿ, ಅವಳ ಬೂದುಬಣ್ಣದ ರೇಷ್ಮೆ ಉಡುಪಿನ ಮುಂದೆ ಗೆಜ್ಜೆಯ ಕೊರಳಪಟ್ಟಿ ಧರಿಸಿ ನಡೆಯುವ ಪಗ್‌ನಲ್ಲೂ ಇದನ್ನೇ ಕಾಣಬಹುದು. ಆ ನಾಯಿಯ ಕಿವಿಗಳನ್ನು ಮಾತ್ರ ಬುಡದವರೆಗೆ ಕತ್ತರಿಸಿದ್ದಾರೆ. ಹಾಗೆ ಕತ್ತರಿಸಿದರೆ ಹಣೆಯ ಸುಕ್ಕು ಎದ್ದು ಕಾಣುತ್ತದೆಂಬ ನಂಬಿಕೆಯಿತ್ತು. ಚಂದಕ್ಕಾಗಿ ಪಗ್‌ನ ಮುಖವನ್ನು ತಿದ್ದುವ ಚಟ, ನೋಡಿ, ತೀರಾ ಹೊಸದೂ ಅಲ್ಲ.

ಗುಣದ ವಿಷಯಕ್ಕೆ ಬಂದರೆ ಜೋಸೆಫೀನಳ ಪಗ್ ಫಾರ್ಚುನೆಯನ್ನು ನೆನೆಯದೆ ಮುಂದೆ ಹೋಗಲಾಗದು. ಫ್ರಾನ್ಸಿನ ಕ್ರಾಂತಿಯ ಭೀಕರ ದಿನಗಳಲ್ಲಿ, 1794ರಲ್ಲಿ, ಜೋಸೆಫೀನ್ ಪ್ಯಾರಿಸ್ಸಿನ ಕಾರ್ಮ್ ಸೆರೆಮನೆಯಲ್ಲಿದ್ದಾಗ ಅವಳ ಮಕ್ಕಳು ನಾಯಿಯನ್ನು ಕರೆತರುತ್ತಿದ್ದರು, ಅದರ ಕೊರಳಪಟ್ಟಿಯ ಅಡಿಯಲ್ಲಿ ಚೀಟಿಗಳು ಒಳಹೊರಗೆ ಓಡಾಡುತ್ತಿದ್ದವು. ಎರಡು ವರ್ಷಗಳ ನಂತರ ಅವಳನ್ನು ಮದುವೆಯಾದ ನೆಪೋಲಿಯನ್ ಬೊನಪಾರ್ಟೆ ಹಾಸಿಗೆಯಲ್ಲಿ ತನಗಿಂತ ಮೊದಲೇ ಜಾಗ ಹಿಡಿದಿದ್ದ ಈ ನಾಯಿಯನ್ನು ಕಂಡ. ನಾಯಿಯನ್ನು ಕೆಳಗಿಳಿಸುವುದಾದರೆ ನೀವು ಬೇರೆಡೆ ಮಲಗಬಹುದೆಂಬ ಉತ್ತರ ಹೆಂಡತಿಯಿಂದ ಬಂತು, ಕಾಲಿಗೆ ಕಚ್ಚಿದ ಗುರುತು ನಾಯಿಯಿಂದ ಬಂತು. ಇದನ್ನು ನೆಪೋಲಿಯನ್ನನೇ ಕವಿ ಆರ್ನೋಗೆ ಹೇಳಿದ್ದು, ಆರ್ನೋ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. 1797ರಲ್ಲಿ ಮಿಲಾನ್ ಬಳಿಯ ಮೊಂಬೆಲ್ಲೋದಲ್ಲಿ ಫಾರ್ಚುನೆ ಅಡುಗೆಯವನ ದೊಡ್ಡ ನಾಯಿಯೊಂದಿಗೆ ಜಗಳಕ್ಕೆ ಹೋಗಿ ಸತ್ತಿತು, ಜೋಸೆಫೀನ್ ಕೂಡಲೇ ಇನ್ನೊಂದು ಪಗ್ ತರಿಸಿಕೊಂಡಳು. ಭಯದಿಂದ ತನ್ನ ನಾಯಿಯನ್ನು ಕಟ್ಟಿಹಾಕಿದ್ದ ಅಡುಗೆಯವನಿಗೆ, ಅದನ್ನು ಬಿಡು, ಇನ್ನೊಂದರ ಕಾಟವನ್ನೂ ತಪ್ಪಿಸಲಿ ಎಂದು ಬೊನಪಾರ್ಟೆ ಹೇಳಿದನಂತೆ. ಇಟಲಿಯನ್ನು ಗೆದ್ದವನಿಗೆ ಒಂದು ಮಂಚವನ್ನು ಗೆಲ್ಲಲಾಗಲಿಲ್ಲ.

ಈ ಕಥೆಗಳಲ್ಲಿ ಕಾಣುವ ಗುಣ ಇಂದಿನ ಪಗ್‌ನಲ್ಲೂ ಹಾಗೆಯೇ ಇದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ನಮ್ಮ ಮನೆಯಲ್ಲೊಂದು ಇದೆ. ಅದರ ಬಣ್ಣ ನೋಡಿ ನನ್ನ ತಾಯಿ ಅದಕ್ಕೆ ಬೆಲ್ಲ ಎಂದು ಹೆಸರಿಟ್ಟರು. ಕುರಿ ಕಾಯುವುದಕ್ಕೋ ಮೊಲ ಹಿಡಿಯುವುದಕ್ಕೋ ಬೆಳೆಸಿದ ತಳಿಗಳಿಗೆ ಮನುಷ್ಯ ಇಲ್ಲದ ಹೊತ್ತಿನಲ್ಲೂ ಮಾಡಲು ಏನಾದರೂ ಇರುತ್ತದೆ, ಪಗ್‌ಗೆ ಮನುಷ್ಯನೇ ಕೆಲಸ. ಅಡುಗೆಮನೆಯಿಂದ ದೇವರಮನೆಗೆ, ಅಲ್ಲಿಂದ ಜಗಲಿಗೆ ಅಮ್ಮ ಹೋದಲ್ಲೆಲ್ಲ ಬೆಲ್ಲ ಹೋಗುತ್ತಾನೆ, ಸ್ನಾನದ ಮನೆಯ ಬಾಗಿಲು ಹಾಕಿದರೆ ಹೊಸ್ತಿಲಿಗೆ ಗಲ್ಲವಿಟ್ಟು ಕಾಯುತ್ತಾನೆ. ಕಾವಲಿಗೆ ಅವನು ಪ್ರಯೋಜನವಿಲ್ಲ. ಹಾಲಿನವನು, ಗ್ಯಾಸ್ ಸಿಲಿಂಡರ್ ತರುವವನು, ಚಂದಾ ಕೇಳಲು ಬಂದ ಗಣೇಶೋತ್ಸವದ ಹುಡುಗರು, ಎಲ್ಲರೂ ಅವನಿಗೆ ನೆಂಟರೇ, ಕಳ್ಳ ಬಂದರೂ ಅವನ ಕಾಲ ಮೇಲೆ ಕೂರುವನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೊಗಳುವುದು ಅಪರೂಪ. ಬೊಗಳುವುದರ ಬದಲು ಗೊಗ್ಗರ ದನಿಯಲ್ಲಿ ಗುರುಗುಡುವುದು, ನಿಟ್ಟುಸಿರಿಡುವುದು, ತಲೆಯನ್ನು ಓರೆಮಾಡಿ ನಮ್ಮ ಮಾತನ್ನು ಕೇಳುವುದು, ಇವುಗಳಿಂದಲೇ ಅವನ ವ್ಯವಹಾರವೆಲ್ಲ ನಡೆಯುತ್ತದೆ.

ಪಗ್ ಹೇಳಿದ್ದನ್ನು ಕೇಳುವ ನಾಯಿಯೆಂದು ಯಾರಾದರೂ ಹೇಳಿದರೆ ನಂಬಬಾರದು. ಬುದ್ಧಿಯ ಕೊರತೆಯೇನೂ ಇಲ್ಲ, ಆದರೆ ಹೇಳಿದ ಮಾತಿನಿಂದ ತನಗೇನು ಲಾಭವೆಂದು ಅದು ಮೊದಲು ಲೆಕ್ಕ ಹಾಕುತ್ತದೆ. ಲಾಭವೆಂದರೆ ತಿನಿಸು. ಇದರ ಹಸಿವಿಗೆ ತಳವಿಲ್ಲ, ಮನೆಮಂದಿ ಒಬ್ಬೊಬ್ಬರೂ ಗುಟ್ಟಾಗಿ ಕೊಟ್ಟ ಚೂರುಗಳನ್ನೆಲ್ಲ ಸೇರಿಸಿದರೆ ಅದಕ್ಕೆ ದಿನಕ್ಕೆ ಎರಡು ಊಟ ಹೆಚ್ಚಾಗಿ ಸಿಕ್ಕಿರುತ್ತದೆ. ಗದರಿದರೆ ಬೆನ್ನು ತಿರುಗಿಸಿ ಕುಳಿತು ಮುನಿಸು ತೋರಿಸುವುದುಂಟು, ಆದರೆ ಆ ಮುನಿಸು ತಟ್ಟೆಯ ಸದ್ದು ಕೇಳುವವರೆಗೆ ಮಾತ್ರ. ಮಕ್ಕಳೊಂದಿಗೆ ಇದರ ಹೊಂದಾಣಿಕೆ ಮೆಚ್ಚುವಂಥದ್ದು. ಮಡಿಲಿನ ನಾಯಿಗಳಲ್ಲಿ ಎಷ್ಟೋ ತಳಿಗಳು ಎಲುಬು ಸಣ್ಣವಾಗಿ, ಮಕ್ಕಳ ಕೈಗೆ ಸಿಕ್ಕಿದರೆ ಮುರಿದಾವೆಂಬ ಭಯ ಹುಟ್ಟಿಸುತ್ತವೆ. ಪಗ್ ಹಾಗಲ್ಲ, ಆರೂಕಾಲರಿಂದ ಎಂಟು ಕಿಲೋ ತೂಗುವ ಗಟ್ಟಿಮುಟ್ಟಾದ ದೇಹ, ಎಳೆದಾಡಿದರೂ ತಾಳಿಕೊಳ್ಳುವ ಸಹನೆ. ಒಂಟಿತನ ಮಾತ್ರ ಇದಕ್ಕೆ ಆಗದು. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ರಾತ್ರಿ ಎಂಟಕ್ಕೆ ಬರುವ ಮನೆಗಳಿಗೆ, ಅಪಾರ್ಟ್‌ಮೆಂಟು ಎಷ್ಟೇ ದೊಡ್ಡದಿರಲಿ, ಈ ನಾಯಿ ಹೊಂದುವುದಿಲ್ಲ.

ಇನ್ನು ಮುಖದ ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಇಂಗ್ಲೆಂಡಿನಲ್ಲಿ ಪಗ್‌ನ ಎರಡು ವಂಶಗಳು ಹೆಸರಾಗಿದ್ದವು. ಲಾರ್ಡ್ ವಿಲೊಬಿ ಡಿ ಎರೆಸ್ಬಿಯ ಮನೆತನ ಬೆಳೆಸಿದ್ದು ಹೊಗೆಬಣ್ಣ ಬೆರೆತ ಬೆಳ್ಳಿ ಛಾಯೆಯದು, ಮಾರಿಸನ್ ಎಂಬಾತ ಲಂಡನ್ನಿನ ವಾಲಮ್ ಗ್ರೀನಿನಲ್ಲಿ ಬೆಳೆಸಿದ್ದು ಹೊಂಬಣ್ಣದ್ದು. 1860ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಪೀಕಿಂಗಿನ ಹೊರವಲಯದ ಬೇಸಗೆ ಅರಮನೆಯನ್ನು ಕೊಳ್ಳೆಹೊಡೆದಾಗ ಅಲ್ಲಿನ ನಾಯಿಗಳೂ ಲೂಟಿಯ ಭಾಗವಾದವು. ಆಗ ಸಿಕ್ಕ ಪೀಕಿಂಗೀಸ್ ಒಂದನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಲಾಯಿತು, ಅದಕ್ಕೆ ಲೂಟಿ ಎಂದೇ ಹೆಸರಿಟ್ಟದ್ದು ಆ ಕಾಲದ ನಿರ್ಲಜ್ಜತೆಗೆ ಸಾಕ್ಷಿ. ಆ ದಶಕದಲ್ಲೇ ಚೀನಾದಿಂದ ಬಂದ ಲ್ಯಾಂಬ್ ಮತ್ತು ಮಾಸ್ ಎಂಬ ಎರಡು ಪಗ್‌ಗಳಿಗೆ ಕ್ಲಿಕ್ ಎಂಬ ಗಂಡುಮರಿ ಹುಟ್ಟಿತು. ಈ ಕ್ಲಿಕ್ ಮೇಲಿನ ಎರಡೂ ವಂಶಗಳೊಂದಿಗೆ ಬೆರೆತು, ಇಂದಿನ ಪಗ್‌ಗಳ ಮೂಲಪುರುಷರಲ್ಲೊಬ್ಬನಾದ. ಚೀನಾದಿಂದ ಬಂದ ಈ ರಕ್ತವೇ ಮುಖವನ್ನು ಇನ್ನಷ್ಟು ಗಿಡ್ಡವಾಗಿಸಿ, ಕಾಲನ್ನು ಕುಳ್ಳಾಗಿಸಿತೆಂದು ತಳಿಯ ಚರಿತ್ರಕಾರರು ಹೇಳುತ್ತಾರೆ.

ಆದರೆ ನಿಜವಾದ ಒತ್ತಡ ಬಂದದ್ದು ಪ್ರದರ್ಶನದ ಅಂಗಳದಿಂದ. ನಾಯಿ ತಳಿಗಳನ್ನು ದಾಖಲಿಸುವ ಸಂಸ್ಥೆಯಾದ ಇಂಗ್ಲೆಂಡಿನ ಕೆನೆಲ್ ಕ್ಲಬ್ 1873ರಲ್ಲಿ, ಪಗ್ ಡಾಗ್ ಕ್ಲಬ್ 1883ರಲ್ಲಿ ಹುಟ್ಟಿದವು, ಅಮೆರಿಕನ್ ಕೆನೆಲ್ ಕ್ಲಬ್ 1885ರಲ್ಲಿ ಪಗ್‌ಗೆ ಮಾನ್ಯತೆ ನೀಡಿತು. 1886ರಲ್ಲಿ ಲೇಡಿ ಬ್ರಾಸಿ ಮೇಡ್‌ಸ್ಟನ್ ಪ್ರದರ್ಶನಕ್ಕೆ ಕರಿಯ ಪಗ್‌ಗಳನ್ನು ತಂದಾಗ ಅದೊಂದು ಸುದ್ದಿಯೇ ಆಯಿತು. ತಳಿಯ ಲಕ್ಷಣಗಳನ್ನು ಬರಹಕ್ಕಿಳಿಸಿ, ಚೌಕಾಕಾರದ ದೇಹ, ಗಿಡ್ಡ ಮೊಂಡು ಮೂತಿ, ಆಳವಾದ ಸುಕ್ಕು, ಸೊಂಟದ ಮೇಲೆ ಬಿಗಿಯಾಗಿ ಸುತ್ತಿದ ಬಾಲ ಎಂದು ನಿಗದಿಪಡಿಸಿದ ಮೇಲೆ, ಗಿಡ್ಡ ಎಂದರೆ ಎಷ್ಟು ಗಿಡ್ಡ ಎಂಬ ಪ್ರಶ್ನೆಗೆ ಪ್ರತಿ ತಲೆಮಾರಿನ ತೀರ್ಪುಗಾರರೂ ಹಿಂದಿನವರಿಗಿಂತ ಸ್ವಲ್ಪ ಹೆಚ್ಚು ಎಂದೇ ಉತ್ತರಿಸುತ್ತ ಬಂದರು. ಕಿವಿ ಕತ್ತರಿಸುವುದನ್ನು ಆ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ನಿಲ್ಲಿಸಲಾಯಿತು. ಕತ್ತರಿಯ ಗಾಯ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ವಿರುದ್ಧ ದನಿಯೆದ್ದಿತು. ಆಯ್ಕೆಯಿಂದ ಮಾಡುವ ಬದಲಾವಣೆ ಮರಿ ಹುಟ್ಟುವ ಮೊದಲೇ ನಡೆದುಹೋಗಿರುವುದರಿಂದ ಯಾರ ಕೈಯಲ್ಲೂ ಕತ್ತರಿ ಕಾಣಿಸಲಿಲ್ಲ.

ಮುಖದ ಎಲುಬು ಗಿಡ್ಡವಾದಾಗ ಅದರ ಜೊತೆಗೆ ಒಳಗಿನ ಮೃದು ಭಾಗಗಳೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ ಎಂಬುದೇ ಎಲ್ಲ ತೊಂದರೆಯ ಮೂಲ. ಉದ್ದ ಮೂತಿಗೆ ಸಾಕಾಗುವಷ್ಟಿದ್ದ ಅಂಗುಳ ಮತ್ತು ನಾಲಿಗೆ ಈಗ ಪುಟ್ಟ ಜಾಗದಲ್ಲಿ ತುರುಕಿಕೊಂಡಿವೆ. ಮೃದು ಅಂಗುಳ ಗಂಟಲಿನ ಬಾಯಿಗೆ ಜೋತುಬೀಳುತ್ತದೆ, ಮೂಗಿನ ಹೊಳ್ಳೆಗಳು ಸೀಳಿನಷ್ಟೇ ತೆರೆದಿರುತ್ತವೆ, ಕೆಲವುಗಳಲ್ಲಿ ಶ್ವಾಸನಾಳವೇ ಕಿರಿದು. ಪ್ರತಿ ಉಸಿರನ್ನೂ ಬಲವಂತವಾಗಿ ಎಳೆಯಬೇಕಾದ್ದರಿಂದ ಧ್ವನಿಪೆಟ್ಟಿಗೆಯ ಪಕ್ಕದ ಪೊರೆಗಳು ಕಾಲಕ್ರಮದಲ್ಲಿ ಒಳಕ್ಕೆ ಸೆಳೆದುಕೊಂಡು ದಾರಿಯನ್ನು ಮತ್ತಷ್ಟು ಮುಚ್ಚುತ್ತವೆ. ನಾವು ಮುದ್ದಾಗಿದೆ ಎಂದು ಮೊಬೈಲಿನಲ್ಲಿ ಸೆರೆಹಿಡಿಯುವ ಗೊರಕೆ ಬಹಳ ಸಲ ಈ ಹೋರಾಟದ ಸದ್ದು. ಗಿಡ್ಡ ಮುಖಕ್ಕೆ ಕಾರಣವಾದ ಜೀನುಗಳಲ್ಲಿ ಸ್ಮಾಕ್-2 ಎಂಬುದನ್ನು 2017ರಲ್ಲಿ ವಿಜ್ಞಾನಿಗಳು ಗುರುತಿಸಿದರು. ನಾಯಿಗಳ ಮುಖದ ಉದ್ದದಲ್ಲಿ ಕಾಣುವ ವ್ಯತ್ಯಾಸದ ಶೇಕಡಾ 36ರವರೆಗಿನ ಪಾಲನ್ನು ಇದೊಂದೇ ವಿವರಿಸಬಲ್ಲದೆಂದು ಅವರ ಅಂದಾಜು.

ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,308 ಪಗ್‌ಗಳ ಚಿಕಿತ್ಸಾ ದಾಖಲೆಗಳನ್ನು 21,835 ಇತರ ನಾಯಿಗಳ ದಾಖಲೆಗಳೊಂದಿಗೆ ಹೋಲಿಸಿದ್ದಾರೆ. ಒಂದು ವರ್ಷದಲ್ಲಿ ಯಾವುದಾದರೊಂದು ಕಾಯಿಲೆ ದಾಖಲಾಗುವ ಸಂಭವ ಪಗ್‌ಗೆ ಸುಮಾರು 1.9 ಪಟ್ಟು ಹೆಚ್ಚು, ಮೇಲೆ ಹೇಳಿದ ಉಸಿರಾಟದ ತೊಂದರೆಯ ಸಂಭವ ಸುಮಾರು 54 ಪಟ್ಟು ಹೆಚ್ಚು. ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಇನ್ನು ಸಾಮಾನ್ಯ ನಾಯಿಯೆಂದು ಪರಿಗಣಿಸಲಾಗದು ಎಂಬ ತೀರ್ಮಾನಕ್ಕೆ ಆ ಸಂಶೋಧಕರು ಬಂದರು. ಕಣ್ಣಿನ ಕಷ್ಟ ಇನ್ನೊಂದು. ಗುಳಿ ಆಳವಿಲ್ಲದ ಕಾರಣ ಕಣ್ಣುಗುಡ್ಡೆ ಹೊರಚಾಚಿ, ಗೀರು ಬಿದ್ದು ಹುಣ್ಣಾಗುವುದು ಸಾಮಾನ್ಯ, ಬೇರೆ ನಾಯಿಗಳೊಂದಿಗಿನ ಕಾದಾಟದಲ್ಲಿ ಗುಡ್ಡೆಯೇ ಹೊರಬಂದ ಪ್ರಸಂಗಗಳೂ ಇವೆ. ಮೂಗಿನ ಮೇಲಿನ ಮಡಿಕೆಯಲ್ಲಿ ತೇವ ನಿಂತು ಸೋಂಕು ತಗಲುತ್ತದೆ. ಬೆನ್ನುಮೂಳೆಯ ಕೆಲವು ಎಲುಬುಗಳು ಅರ್ಧವೇ ಬೆಳೆದಿರುವುದೂ ಈ ತಳಿಯಲ್ಲಿ ಹೆಚ್ಚು.

ನಮ್ಮ ದೇಶದಲ್ಲಿ ಪಗ್ ಮನೆಮಾತಾದದ್ದು 2003ರ ಒಂದು ಜಾಹೀರಾತಿನಿಂದ. ಪುಟ್ಟ ಹುಡುಗನೊಬ್ಬ ಎಲ್ಲಿಗೆ ಹೋದರೂ ಪಗ್ ಒಂದು ಅವನ ಹಿಂದೆಯೇ ಹೋಗುವ, ಹಚ್ ಮೊಬೈಲ್ ಕಂಪನಿಗಾಗಿ ಒಗಿಲ್ವಿ ಸಂಸ್ಥೆ ರೂಪಿಸಿ, ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ ಗೋವಾದಲ್ಲಿ ಚಿತ್ರಿಸಿದ ಆ ದೃಶ್ಯವನ್ನು ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ಜಾಹೀರಾತಿನ ಜಾಣ್ಮೆಯನ್ನು ಒಪ್ಪಿಕೊಳ್ಳಲೇಬೇಕು, ಏಕೆಂದರೆ ಅದು ತಳಿಯ ನಿಜವಾದ ಗುಣವನ್ನೇ ಹಿಡಿದಿತ್ತು. ಅದುವರೆಗೆ ನಮ್ಮ ಊರುಗಳಲ್ಲಿ ಮನೆಯೊಳಗೆ ಸಾಕುವ ನಾಯಿಯೆಂದರೆ ಪಾಮೇರಿಯನ್ ಎಂದೇ ಇತ್ತು. ಆಮೇಲೆ ಎಲ್ಲರಿಗೂ ಹಚ್ ನಾಯಿ ಬೇಕಾಯಿತು. 2007ರಲ್ಲಿ ಕಂಪನಿಯ ಹೆಸರು ವೊಡಾಫೋನ್ ಎಂದಾದ ಮೇಲೂ ನಮ್ಮ ಬೀದಿಯ ಮಕ್ಕಳ ಬಾಯಲ್ಲಿ ಅದು ಹಚ್ ನಾಯಿಯಾಗಿಯೇ ಉಳಿಯಿತು. ಬೇಡಿಕೆ ಏರಿದಂತೆ ತಳಿಯ ಜ್ಞಾನವಾಗಲಿ ಕಾಳಜಿಯಾಗಲಿ ಇಲ್ಲದವರು ಮಹಡಿಯ ಮೇಲಿನ ಗೂಡುಗಳಲ್ಲಿ ಒಂದೇ ಹೆಣ್ಣುನಾಯಿಯಿಂದ ಬಿಡುವಿಲ್ಲದೆ ಮರಿ ಮಾಡಿಸಿ ಮಾರತೊಡಗಿದರು. ಕೊಂಡವರು ಮುಖ ನೋಡಿ ಕೊಂಡರು, ಮುಖ ಚಪ್ಪಟೆಯಾದಷ್ಟೂ ಅಸಲಿ ಎಂದು ಮಾರುವವನು ಹೇಳಿದ್ದನ್ನು ನಂಬಿದರು.

ನಮ್ಮ ಹವೆಗೆ ಇದು ಎಂಥ ಹೊರೆಯೆಂಬುದನ್ನು ಬೇಸಗೆಯಲ್ಲಿ ನೋಡಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮೂಗುಗಳ ತೇವವನ್ನು ಆರಿಸಿಯೇ ಅದು ದೇಹವನ್ನು ತಂಪು ಮಾಡಿಕೊಳ್ಳಬೇಕು. ಉದ್ದ ಮೂತಿಯ ಮುಧೋಳ ನಾಯಿ ಬಾಗಲಕೋಟೆಯ ಬಿಸಿಲಿನಲ್ಲಿ ಓಡಬಲ್ಲದು, ಅದಕ್ಕೆ ಆ ತೇವದ ಹಾದಿ ಉದ್ದವಾಗಿದೆ. ಪಗ್‌ಗೆ ಆ ಹಾದಿಯೇ ಇಲ್ಲ. ಉಸಿರಿಗಾಗಿ ಹೆಣಗಿದಷ್ಟೂ ಮೈ ಬಿಸಿಯಾಗುತ್ತದೆ, ಮೈ ಬಿಸಿಯಾದಷ್ಟೂ ಗಂಟಲಿನ ಪೊರೆಗಳು ಊದಿಕೊಂಡು ಉಸಿರು ಕಟ್ಟುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಪಗ್ ಅನ್ನು ಹೊರಗೆ ಕರೆದೊಯ್ಯುವುದೆಂದರೆ ಅದರ ಜೀವದೊಂದಿಗೆ ಜೂಜಾಡಿದಂತೆ. ಹಲವು ವಿಮಾನ ಸಂಸ್ಥೆಗಳು ಗಿಡ್ಡ ಮುಖದ ನಾಯಿಗಳನ್ನು ಸರಕಿನ ಕೋಣೆಯಲ್ಲಿ ಒಯ್ಯಲು ಒಪ್ಪದಿರುವುದಕ್ಕೂ ಇದೇ ಕಾರಣ.

ಈಗಾಗಲೇ ಪಗ್ ಸಾಕಿರುವವರು ಮಾಡಬಹುದಾದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೂಕದ ಹಿಡಿತ. ಕೊರಳಿನ ಸುತ್ತ ಸೇರುವ ಕೊಬ್ಬು ಮೊದಲೇ ಕಿರಿದಾದ ಉಸಿರಿನ ದಾರಿಯನ್ನು ಹೊರಗಿನಿಂದಲೂ ಒತ್ತುತ್ತದೆ, ಆದ್ದರಿಂದ ಪಕ್ಕೆಲುಬು ಬೆರಳಿಗೆ ಸುಲಭವಾಗಿ ಸಿಗುವಂತಿರಬೇಕು. ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ಒಳ್ಳೆಯದು, ಅದರಿಂದ ಗಂಟಲಿಗೂ ಕಣ್ಣಿಗೂ ಒತ್ತಡ ಬೀಳುವುದಿಲ್ಲ. ಮೂಗಿನ ಮಡಿಕೆಯನ್ನು ದಿನವೂ ಒರೆಸಿ ಒಣಗಿಸಬೇಕು. ಹಬ್ಬದ ದಿನ ಪಾಯಸ ಬಡಿಸುವ ಅಜ್ಜಿಯರಿಗೆ ಒಂದು ಮಾತು: ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಎರಡೇ ಎರಡು ಎಂದು ಕೂಡ ಕೊಡಬಾರದು. ನಮ್ಮ ಮನೆಯಲ್ಲಿ ಈ ನಿಯಮ ಜಾರಿಗೆ ಬರಲು ಒಂದು ಸಣ್ಣ ಯುದ್ಧವೇ ಆಗಬೇಕಾಯಿತು.

ತಳಿಯನ್ನು ತಿದ್ದುವ ಕೆಲಸ ಈಗ ಮೊದಲಾಗಿರುವುದು, ಚರಿತ್ರೆಯ ವ್ಯಂಗ್ಯವೆಂಬಂತೆ, ಪಾಂಪೆಯ ನಾಡಿನಲ್ಲೇ. ನಾಯಿಗೂ ಅದರ ಮರಿಗೂ ಹಾನಿಯಾಗುವಂತೆ ತಳಿ ಬೆಳೆಸಬಾರದೆಂಬ ನೆದರ್‌ಲ್ಯಾಂಡ್ಸಿನ 2014ರ ನಿಯಮಕ್ಕೆ 2019ರಲ್ಲಿ ಅಳತೆಗೋಲು ಸಿಕ್ಕಿತು. ಮೂತಿಯ ಉದ್ದ ತಲೆಬುರುಡೆಯ ಉದ್ದದ ಸುಮಾರು ಮೂರನೆಯ ಒಂದು ಭಾಗವೂ ಇಲ್ಲದ ನಾಯಿಗಳಿಂದ ಅಲ್ಲಿ ಮರಿ ಮಾಡಿಸುವಂತಿಲ್ಲ. ಜರ್ಮನಿಯಲ್ಲಿ ಕೆಲವರು ಪಗ್ ಅನ್ನು ಜ್ಯಾಕ್ ರಸಲ್ ಜಾತಿಯ ಟೆರಿಯರ್‌ಗಳೊಂದಿಗೆ ಬೆರೆಸಿ, ಮತ್ತೆ ಪಗ್‌ಗಳೊಂದಿಗೆ ಕೂಡಿಸಿ, ಹೋಗಾರ್ತನ ಟ್ರಂಪನನ್ನು ಹೋಲುವ ನಾಯಿಗಳನ್ನು ಬೆಳೆಸುತ್ತಿದ್ದಾರೆ. ಶುದ್ಧ ವಂಶಾವಳಿಯ ಅಭಿಮಾನಿಗಳಿಗೆ ಇದು ಹಿಡಿಸಿಲ್ಲ. ಲ್ಯಾಂಬ್ ಮತ್ತು ಮಾಸ್‌ರ ಮಗನನ್ನು ಹಳೆಯ ವಂಶಗಳೊಂದಿಗೆ ಬೆರೆಸಿದವರೂ ಇದೇ ಕೆಲಸವನ್ನು ಇನ್ನೊಂದು ದಿಕ್ಕಿನಲ್ಲಿ ಮಾಡಿದ್ದರೆಂಬುದನ್ನು ನೆನೆದರೆ ಆ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ.

ಭಾರತದಲ್ಲಿ ಮೂತಿಯ ಅಳತೆಯ ನಿಯಮವಿಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಆದ್ದರಿಂದ ಪಗ್ ಕೊಳ್ಳಲೇಬೇಕೆಂದಿರುವವರು ನೋಂದಣಿಯ ಪತ್ರ ಕೇಳುವುದರೊಂದಿಗೆ, ಮರಿಯ ತಂದೆತಾಯಿಗಳನ್ನು ನೋಡಲು ಕೇಳಬೇಕು. ಹೊಳ್ಳೆಗಳು ಗೀರಿನಂತೆ ಮುಚ್ಚಿಕೊಂಡಿವೆಯೋ ದುಂಡಗೆ ತೆರೆದಿವೆಯೋ ಎಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರು ರೂಪಿಸಿದ ಪರೀಕ್ಷೆಯೊಂದಿದೆ, ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ನಾಯಿಯ ಗಂಟಲಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರಿನ ಸದ್ದು ಕೇಳಿ, ಮೂರು ನಿಮಿಷ ಚುರುಕಾಗಿ ಓಡಾಡಿಸಿ, ಮತ್ತೆ ಕೇಳಿ, ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುತ್ತಾರೆ. ಮರಿಯ ತಂದೆತಾಯಿಗಳನ್ನು ಮಾರುವವನ ಅಂಗಳದಲ್ಲೇ ಹೀಗೆ ಓಡಾಡಿಸಿ ನೋಡಲು ನಿಮ್ಮ ಊರಿನ ಪಶುವೈದ್ಯರೊಬ್ಬರನ್ನು ಕರೆದುಕೊಂಡು ಹೋದರೆ ಅರ್ಧ ಗಂಟೆಯ ಕೆಲಸ, ಅದಕ್ಕೆ ಮಾರುವವನು ಒಪ್ಪದಿದ್ದರೆ ಮರಿ ಎಷ್ಟೇ ಮುದ್ದಾಗಿದ್ದರೂ ಬಿಟ್ಟು ಬನ್ನಿ.